ಮೆಟಲ್ ಡಿಟೆಕ್ಟರ್ ಕೊಳ್ಳುವ ಮುನ್ನ: ಏನು, ಎಲ್ಲಿ, ಯಾರ ಕೈಗೆ?



ಇತ್ತೀಚೆಗೆ ನಮ್ಮ ಕೂಟದ ಕಾರ್ಯಕ್ರಮಗಳಲ್ಲಿ ನನ್ನನ್ನು ಕಂಡವರೆಲ್ಲ "ಏನ್ರೀ, ಎಷ್ಟು ಕೊಪ್ಪರಿಗೆ ಸಿಕ್ತು?" ಅಂತಲೇ ಮಾತು ಶುರು ಮಾಡುತ್ತಾರೆ. ಅಪ್ಪರ್ ಹಟ್‌ನಲ್ಲಿ ಮನೆ ಮಾಡಿಕೊಂಡು, ವಾರವಿಡೀ ಕಂಪ್ಯೂಟರ್ ಮುಂದೆ ಕೂತು, ಶನಿವಾರ ಬೆಳಿಗ್ಗೆ ಮಾತ್ರ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೋಲೊಂದನ್ನು ಅತ್ತಿತ್ತ ಬೀಸುತ್ತಾ ನಡೆಯುವ ಮನುಷ್ಯನಿಗೆ ಇಷ್ಟು ತಮಾಷೆ ತಪ್ಪಿದ್ದಲ್ಲ! ತಮಾಷೆ ಮುಗಿದ ಮೇಲೆ ಎರಡನೆಯ ಪ್ರಶ್ನೆ ಬರುತ್ತದೆ: "ನಮಗೂ ಒಂದು ತಗೋಬೇಕು ಅಂತಿದೆ. ಯಾವುದು ಬೆಸ್ಟ್?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಒಂದೇ ಸಾರಿ ಬರೆದುಬಿಡಿ ಎಂದು ಸಂಪಾದಕರು ಕೇಳಿದ್ದರಿಂದ ಈ ಲೇಖನ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. "ಬೆಸ್ಟ್" ಎನ್ನುವ ಮೆಟಲ್ ಡಿಟೆಕ್ಟರ್ ಇಲ್ಲ. ಮಿಕ್ಸಿ ಒಳ್ಳೆಯದೋ ವೆಟ್ ಗ್ರೈಂಡರ್ ಒಳ್ಳೆಯದೋ ಎಂದು ಯಾರಾದರೂ ಕೇಳಿದರೆ ನಮ್ಮ ಹೆಂಗಸರು ಏನೆನ್ನುತ್ತಾರೆ? "ಚಟ್ನಿಗೋ, ದೋಸೆ ಹಿಟ್ಟಿಗೋ? ಮನೆಯಲ್ಲಿ ಎಷ್ಟು ಜನ?" ಅಂತ ತಿರುಗಿ ಕೇಳುತ್ತಾರೆ. ಇಲ್ಲೂ ಅಷ್ಟೇ. ಏನು ಹುಡುಕುತ್ತೀರಿ, ಎಲ್ಲಿ ಹುಡುಕುತ್ತೀರಿ, ಯಾರ ಕೈಯಲ್ಲಿ ಹಿಡಿಸುತ್ತೀರಿ, ಈ ಮೂರು ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಅಂಗಡಿಯವನು ಏನೇ ಹೇಳಿದರೂ ನಿಮಗೆ ಬೇಕಾದ ಯಂತ್ರ ತಾನಾಗಿ ಗೊತ್ತಾಗುತ್ತದೆ.

ಯಂತ್ರದೊಳಗೆ ನಡೆಯುವುದೇನು?

ಸ್ವಲ್ಪ ಇಂಜಿನಿಯರಿಂಗ್ ಕೊರೆತ, ಸಹಿಸಿಕೊಳ್ಳಿ. ಕೋಲಿನ ತುದಿಯ ತಟ್ಟೆಯೊಳಗೆ ತಾಮ್ರದ ತಂತಿಯ ಸುರುಳಿಗಳಿವೆ. ಅದಕ್ಕೆ ಕಾಯಿಲ್ ಎನ್ನುತ್ತಾರೆ. ಒಂದು ಸುರುಳಿಯಲ್ಲಿ ಸೆಕೆಂಡಿಗೆ ಸಾವಿರಾರು ಬಾರಿ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ. ಅದರಿಂದ ನೆಲದೊಳಗೆ ಕಾಂತಕ್ಷೇತ್ರ ಏಳುತ್ತದೆ. ಅಲ್ಲೊಂದು ನಾಣ್ಯವಿದ್ದರೆ ಅದರ ಮೈಯಲ್ಲಿ ಸುಳಿ ವಿದ್ಯುತ್ ಹುಟ್ಟಿ, ಅದು ತನ್ನದೇ ಪುಟ್ಟ ಕಾಂತಕ್ಷೇತ್ರವನ್ನು ವಾಪಸ್ ಕಳಿಸುತ್ತದೆ. ಎರಡನೆಯ ಸುರುಳಿ ಅದನ್ನು ಕೇಳಿಸಿಕೊಳ್ಳುತ್ತದೆ. ಒಳ್ಳೆಯ ವಾಹಕವಾದ ಬೆಳ್ಳಿ ಉತ್ತರ ಕೊಡುವ ರೀತಿಯೇ ಬೇರೆ, ತೆಳು ಅಲ್ಯೂಮಿನಿಯಂ ಹಾಳೆಯದೇ ಬೇರೆ, ಕಬ್ಬಿಣದ್ದಂತೂ ಪೂರ್ತಿ ಬೇರೆ. ಕಳಿಸಿದ ಅಲೆಗೂ ಮರಳಿದ ಅಲೆಗೂ ನಡುವಿನ ಈ ಹಂತದ ವ್ಯತ್ಯಾಸವನ್ನು ಅಳೆದು ಪರದೆಯ ಮೇಲೆ ಒಂದು ಸಂಖ್ಯೆ ತೋರಿಸುತ್ತಾರೆ. ಆ ಸಂಖ್ಯೆಯೇ ಟಾರ್ಗೆಟ್ ಐಡಿ.

ಇದು ಹೊಸ ವಿದ್ಯೆಯೇನಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡೇಟು ಬಿದ್ದಾಗ, ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದ್ದೇ ಸಾಧನ ಹಿಡಿದು ಗುಂಡು ಹುಡುಕಲು ಹೋಗಿದ್ದ. ಮಂಚದ ಉಕ್ಕಿನ ಸ್ಪ್ರಿಂಗುಗಳು ದಾರಿ ತಪ್ಪಿಸಿದವು ಎನ್ನುತ್ತಾರೆ. 1930ರ ದಶಕದಲ್ಲಿ ಗೆರ್ಹಾರ್ಡ್ ಫಿಶರ್ ಇದನ್ನು ಕೈಯಲ್ಲಿ ಹೊತ್ತೊಯ್ಯುವ ಯಂತ್ರವಾಗಿಸಿ 1937ರಲ್ಲಿ ಪೇಟೆಂಟ್ ಪಡೆದರು. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಯೋಜೆಫ್ ಕೊಸಾಟ್ಸ್ಕಿ ರೂಪಿಸಿದ ಶೋಧಕ 1942ರ ಎಲ್ ಅಲಮೇನ್ ಕದನದಲ್ಲಿ ನೆಲಬಾಂಬುಗಳ ನಡುವೆ ದಾರಿ ಮಾಡಿಕೊಟ್ಟಿತು. ನಾವು ಈಗ ಪಾರ್ಕಿನಲ್ಲಿ ಬೀಸುವ ಯಂತ್ರ ಆ ವಂಶದ ಕುಡಿ.

ಒಂದು ಲೆಕ್ಕ ಮಾತ್ರ ನೆನಪಿಟ್ಟುಕೊಳ್ಳಿ, ನಿಮ್ಮ ದುಡ್ಡು ಉಳಿಸುತ್ತದೆ. ಕಾಯಿಲ್‌ನಿಂದ ದೂರ ಹೋದಂತೆ ಕಾಂತಕ್ಷೇತ್ರ ದೂರದ ಮೂರನೇ ಘಾತದಂತೆ ಕುಗ್ಗುತ್ತದೆ. ನಾಣ್ಯದಿಂದ ವಾಪಸ್ ಬರುವಾಗಲೂ ಅಷ್ಟೇ ಕುಗ್ಗುತ್ತದೆ. ಎರಡೂ ಸೇರಿ ಆರನೇ ಘಾತ. ಅಂದರೆ ನಾಣ್ಯ ಎರಡು ಪಟ್ಟು ಆಳದಲ್ಲಿದ್ದರೆ ಸಿಗ್ನಲ್ ಅರುವತ್ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ! ಹಾಗಾಗಿ ಎರಡು ಪಟ್ಟು ಹಣ ಕೊಟ್ಟರೆ ಎರಡು ಪಟ್ಟು ಆಳ ಸಿಗುವುದಿಲ್ಲ. ಸಾಧಾರಣ ಬೆಲೆಯ ಯಂತ್ರಕ್ಕೂ ದುಬಾರಿ ಯಂತ್ರಕ್ಕೂ ನಾಣ್ಯದ ಮಟ್ಟಿಗೆ ಕೆಲವು ಸೆಂಟಿಮೀಟರ್ ವ್ಯತ್ಯಾಸ, ಅಷ್ಟೇ. ದುಡ್ಡು ಹೆಚ್ಚು ಕೊಟ್ಟಾಗ ಸಿಗುವುದು ಬೇರೆ: ಕಸದ ನಡುವೆ ಒಡವೆಯನ್ನು ಬಿಡಿಸಿ ತೋರಿಸುವ ಜಾಣತನ, ಉಪ್ಪುನೀರಿನಲ್ಲಿ ತಬ್ಬಿಬ್ಬಾಗದ ಸ್ಥಿರತೆ, ಕಡಿಮೆ ತೂಕ.

ಮೊದಲನೇ ಪ್ರಶ್ನೆ: ಏನು ಹುಡುಕುತ್ತೀರಿ?

ನಾಣ್ಯವೇ ಸಾಕು ಎನ್ನುವವರ ಕೆಲಸ ಸುಲಭ. ನ್ಯೂಜಿಲೆಂಡ್ ತನ್ನದೇ ನಾಣ್ಯ ಹೊರಡಿಸಿದ್ದು 1933ರಿಂದ. 1946ರವರೆಗಿನ ಬಿಳಿ ನಾಣ್ಯಗಳಲ್ಲಿ ಅರ್ಧದಷ್ಟು ಬೆಳ್ಳಿ ಇದೆ. ಇವು ಪರದೆಯ ಮೇಲೆ ಎತ್ತರದ ಸಂಖ್ಯೆ ತೋರಿಸಿ, ಕಿವಿಗೆ ಗಂಟೆಯಂತೆ ಸ್ಪಷ್ಟವಾಗಿ ಕೇಳಿಸುತ್ತವೆ. 1947ರಿಂದ ತಾಮ್ರ-ನಿಕ್ಕಲ್ ಬಂತು. 1967ರ ಜುಲೈನಲ್ಲಿ ಡಾಲರ್-ಸೆಂಟ್ ಲೆಕ್ಕ ಶುರುವಾಯಿತು. 1991ರಲ್ಲಿ ಈಗಿನ ಚಿನ್ನದ ಬಣ್ಣದ ಒಂದು ಮತ್ತು ಎರಡು ಡಾಲರ್ ನಾಣ್ಯ ಬಂದವು. ಅವು ಅಲ್ಯೂಮಿನಿಯಂ ಕಂಚು.

ತರಲೆ ಇರುವುದು 2006ರ ನಂತರದ ನಾಣ್ಯಗಳಲ್ಲಿ. ಆ ವರ್ಷ ಐದು ಸೆಂಟ್ ರದ್ದಾಯಿತು. 10, 20, 50 ಸೆಂಟ್ ನಾಣ್ಯಗಳು ಉಕ್ಕಿನ ತಿರುಳಿಗೆ ತಾಮ್ರ ಅಥವಾ ನಿಕ್ಕಲ್ ಲೇಪಿಸಿದವಾದವು. ಒಂದು ಆಯಸ್ಕಾಂತ ಹಿಡಿದು ನೋಡಿ, ಅಂಟಿಕೊಳ್ಳುತ್ತವೆ. "ಕಬ್ಬಿಣ ಬೇಡ" ಎಂದು ಯಂತ್ರಕ್ಕೆ ಹೇಳಿಟ್ಟರೆ ಇವುಗಳ ಸಂಖ್ಯೆ ಅತ್ತಿತ್ತ ಜಿಗಿಯುತ್ತದೆ, ಕೆಲವು ಯಂತ್ರಗಳು ಸುಮ್ಮನೆ ದಾಟಿಯೂ ಹೋಗುತ್ತವೆ. ನಮ್ಮೂರಿನ ಈಗಿನ ಒಂದು, ಎರಡು ರೂಪಾಯಿ ನಾಣ್ಯಗಳೂ ಆಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲಿನವೇ. ಇದರಿಂದ ದೊಡ್ಡ ನಷ್ಟವೇನಿಲ್ಲ, ಹತ್ತು ಸೆಂಟಿಗೆ ಮಂಡಿ ಊರುವುದು ತಪ್ಪುತ್ತದೆ!

ಒಡವೆ ಹುಡುಕುವವರಿಗೆ ನಿಜವಾದ ಪರೀಕ್ಷೆ. ಶುದ್ಧ ಚಿನ್ನ ಒಳ್ಳೆಯ ವಾಹಕವೇ. ಆದರೆ ಬೇರೆ ಲೋಹ ಬೆರೆತಂತೆ ವಾಹಕತೆ ಇಳಿಯುತ್ತದೆ. ನಮ್ಮ 22 ಕ್ಯಾರೆಟ್‌ಗಿಂತ ಇಲ್ಲಿ ಅಂಗಡಿಗಳಲ್ಲಿ ಸಾಮಾನ್ಯವಾದ 9 ಕ್ಯಾರೆಟ್‌ನದು ಇನ್ನೂ ಕಡಿಮೆ. ಅದರಲ್ಲಿ ಚಿನ್ನ ಶೇಕಡಾ 37.5 ಮಾತ್ರ. ಜೊತೆಗೆ ಒಡವೆಯ ಗಾತ್ರವೂ ಚಿಕ್ಕದು. ಎರಡೂ ಸೇರಿ ಚಿನ್ನದ ಉಂಗುರದ ಸಂಖ್ಯೆ ಎಲ್ಲಿ ಹೋಗಿ ಕೂರುತ್ತದೆ ಗೊತ್ತೇ? ತಂಪು ಪಾನೀಯದ ಕ್ಯಾನಿನ ರಿಂಗು ಮತ್ತು ಚಾಕೊಲೇಟ್ ಸುತ್ತುವ ಬೆಳ್ಳಿ ಕಾಗದದ ಪಕ್ಕದಲ್ಲಿ! "ಕಸ ಬೇಡ" ಎಂದು ಆ ಸಂಖ್ಯೆಗಳನ್ನು ಮುಚ್ಚಿಹಾಕಿದರೆ ಚಿನ್ನಕ್ಕೂ ಬಾಗಿಲು ಹಾಕಿದಂತೆ. ಚಿನ್ನ ಬೇಕಾದವರು ಕ್ಯಾನಿನ ರಿಂಗುಗಳನ್ನು ಅಗೆಯಲೇಬೇಕು. ಇದಕ್ಕೆ ಯಾವ ಕಂಪನಿಯೂ ಔಷಧಿ ಕಂಡುಹಿಡಿದಿಲ್ಲ.

ಇನ್ನು ಸರ. ನಮ್ಮ ಜನ ತಿಳಿದಿರಲೇಬೇಕಾದ ಮಾತಿದು. ತೆಳುವಾದ ಚಿನ್ನದ ಸರ ಡಿಟೆಕ್ಟರ್ ಕಣ್ಣಿಗೆ ಬಹುಮಟ್ಟಿಗೆ ಬೀಳುವುದೇ ಇಲ್ಲ. ಬಳೆ ಒಂದೇ ಮುಚ್ಚಿದ ಸುತ್ತು, ಅದರಲ್ಲಿ ಸುಳಿ ವಿದ್ಯುತ್ ಚೆನ್ನಾಗಿ ಓಡುತ್ತದೆ. ಸರದಲ್ಲಾದರೋ ಕೊಂಡಿಗೂ ಕೊಂಡಿಗೂ ನಡುವಿನ ಸಂಪರ್ಕ ಸಡಿಲ; ಯಂತ್ರಕ್ಕೆ ಅದು ಇಪ್ಪತ್ತು ಗ್ರಾಂ ಚಿನ್ನವಾಗಿ ಕಾಣದೆ, ಬಿಡಿ ಬಿಡಿಯಾದ ನೂರಾರು ಸಾಸಿವೆ ಕಾಳುಗಳಾಗಿ ಕಾಣುತ್ತದೆ. ಸಿಕ್ಕುವುದೇನಿದ್ದರೂ ಅದರ ಪದಕ, ಕೊಕ್ಕೆ, ತಾಳಿ ಬೊಟ್ಟು. ಮುರಿದ ಉಂಗುರವೂ ಇಡೀ ಉಂಗುರಕ್ಕಿಂತ ಕ್ಷೀಣವಾಗಿ ಕೇಳಿಸುತ್ತದೆ, ಕಾರಣ ಅದೇ.

ಇಂಥ ಸಣ್ಣ, ಮಂದ ವಾಹಕ ವಸ್ತುಗಳಿಗೆ ಹೆಚ್ಚಿನ ಆವರ್ತನ ಬೇಕು. ಸ್ಥೂಲವಾಗಿ, 5ರಿಂದ 8 ಕಿಲೋಹರ್ಟ್ಸ್ ಆಸುಪಾಸಿನವು ದೊಡ್ಡ ಬೆಳ್ಳಿ, ತಾಮ್ರದ ನಾಣ್ಯಗಳಿಗೆ ಹಿತ. 15ರಿಂದ 20ರ ಸುತ್ತಿನವು ಒಡವೆಗೆ ಹಿತ. 40 ದಾಟಿದವು ಅಕ್ಕಿ ಕಾಳಿನಂಥ ಚಿನ್ನಕ್ಕೆ. ಹಲವು ಆವರ್ತನಗಳನ್ನು ಒಟ್ಟಿಗೆ ಕಳಿಸುವ ಮಲ್ಟಿ-ಫ್ರೀಕ್ವೆನ್ಸಿ ಯಂತ್ರಗಳು ಹಿಂದೆ ದುಬಾರಿಯಾಗಿದ್ದವು. ಆಸ್ಟ್ರೇಲಿಯಾದ ಮೈನ್‌ಲ್ಯಾಬ್ ಕಂಪನಿಯ ಈಕ್ವಿನಾಕ್ಸ್ 2018ರಲ್ಲಿ ಮತ್ತು ವ್ಯಾಂಕ್ವಿಶ್ 2019ರಲ್ಲಿ ಬಂದ ಮೇಲೆ ಮಧ್ಯಮ ವರ್ಗದ ಕೈಗೂ ಎಟುಕಿದವು.

ನದಿಯಲ್ಲಿ ಸಿಗುವ ಚಿನ್ನದ ಗಟ್ಟಿಯ ಕನಸು ಕಾಣುವವರಿಗೆ ಒಂದು ಮಾತು. ನಾವಿರುವುದು ಹಟ್, ರಾಯಚೂರಿನ ಹಟ್ಟಿ ಅಲ್ಲ ಸ್ವಾಮಿ! ಹಟ್ಟಿಯಲ್ಲೂ ಚಿನ್ನ ಸಿಗುವುದು ಟನ್ ಅದಿರಿಗೆ ಕೆಲವೇ ಗ್ರಾಂ ಲೆಕ್ಕದಲ್ಲಿ, ಬಹುಪಾಲು ಕಣ್ಣಿಗೆ ಕಾಣದ ಕಣಗಳಾಗಿ. ಅದು ಡಿಟೆಕ್ಟರ್‌ಗೆ ಸಿಗುವಂಥದ್ದಲ್ಲ. ನ್ಯೂಜಿಲೆಂಡಿನಲ್ಲಿ 1861ರಲ್ಲಿ ಗೇಬ್ರಿಯಲ್ ರೀಡ್ ಚಿನ್ನ ಕಂಡು ಜನ ಮುಗಿಬಿದ್ದದ್ದು ದಕ್ಷಿಣ ದ್ವೀಪದ ಒಟಾಗೋದಲ್ಲಿ. ಸಾರ್ವಜನಿಕರು ಪರವಾನಗಿಯಿಲ್ಲದೆ ಚಿನ್ನ ಹುಡುಕಬಹುದಾದ ಗೊತ್ತುಪಡಿಸಿದ ಜಾಗಗಳೂ ಹೆಚ್ಚಾಗಿ ಆ ದ್ವೀಪದಲ್ಲೇ ಇವೆ, ಅವಕ್ಕೂ ನಿಯಮಗಳಿವೆ. ಇದಕ್ಕಾಗಿಯೇ ಇರುವ ಪಲ್ಸ್ ಇಂಡಕ್ಷನ್ ಯಂತ್ರಗಳಲ್ಲಿ ಮೇಲ್ಮಟ್ಟದವಕ್ಕೆ ಒಂದು ಹಳೇ ಕಾರಿನ ಬೆಲೆಯಿದೆ. ವರ್ಷಕ್ಕೊಮ್ಮೆ ರಜೆಗೆ ಹೋಗುವವರಿಗೆ ಅದು ಬೇಡ.

ಎರಡನೇ ಪ್ರಶ್ನೆ: ಎಲ್ಲಿ ಹುಡುಕುತ್ತೀರಿ?

ಅಪ್ಪರ್ ಹಟ್‌ನ ನೆಲ ಒಳ್ಳೆಯ ನೆಲ. ನಮ್ಮ ಬೆಟ್ಟಗಳೂ ನದಿಯ ಕಲ್ಲುಗಳೂ ಹೆಚ್ಚಾಗಿ ಗ್ರೇವ್ಯಾಕ್ ಎಂಬ ಬೂದು ಕಲ್ಲು. ನನ್ನ ಅನುಭವದಲ್ಲಿ ಇದು ಯಂತ್ರವನ್ನು ಅಷ್ಟಾಗಿ ಕಾಡುವುದಿಲ್ಲ. ಮನೆಯ ಹಿತ್ತಿಲು, ಹುಲ್ಲುಹಾಸು, ನದಿಯ ಒಣ ದಂಡೆ, ಇಷ್ಟೇ ನಿಮ್ಮ ಲೋಕವಾದರೆ ಒಂದೇ ಆವರ್ತನದ ಸಾಧಾರಣ ಯಂತ್ರ ಧಾರಾಳ ಸಾಕು. ಗ್ಯಾರೆಟ್ ಕಂಪನಿಯ ಏಸ್ ಸರಣಿ ಇಂಥದ್ದು. ಎಷ್ಟೋ ಜನರ ಮೊದಲ ಯಂತ್ರ ಅದೇ. ಆದರೆ ನೆನಪಿಡಿ, ಏಸ್‌ನಲ್ಲಾಗಲಿ ವ್ಯಾಂಕ್ವಿಶ್‌ನಲ್ಲಾಗಲಿ ನೀರಿಗಿಳಿಯಬಹುದಾದದ್ದು ಕಾಯಿಲ್ ಮಾತ್ರ, ಮೇಲಿನ ಡಬ್ಬಿ ಅಲ್ಲ. ನದಿಯಲ್ಲಿ ಸೊಂಟದವರೆಗೆ ಇಳಿದು ಈಜುಗುಂಡಿಯಲ್ಲಿ ಬಿದ್ದ ಉಂಗುರ ಹುಡುಕುವ ಯೋಚನೆಯಿದ್ದರೆ ಇಡೀ ಯಂತ್ರ ನೀರು ತಡೆಯಬೇಕು. ಮೈನ್‌ಲ್ಯಾಬ್ ಎಕ್ಸ್-ಟೆರಾ ಪ್ರೋ, ಈಕ್ವಿನಾಕ್ಸ್, ಟರ್ಕಿಯ ನೋಕ್ಟಾ ಲೆಜೆಂಡ್ ಈ ಬಗೆಯವು.

ಸಮುದ್ರದ ಕತೆ ಬೇರೆ. ನಮಗೆ ಹತ್ತಿರದ ಪೆಟೋನೆ ಕಡಲತೀರ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಒಣ ಮರಳಿನಲ್ಲಿ ಯಾವ ಯಂತ್ರವಾದರೂ ಕೆಲಸ ಮಾಡುತ್ತದೆ. ಒದ್ದೆ ಮರಳಿಗೆ ಕಾಲಿಟ್ಟ ತಕ್ಷಣ ಒಂದೇ ಆವರ್ತನದ ಯಂತ್ರ ಹಬ್ಬದ ದಿನದ ಕುಕ್ಕರಿನಂತೆ ಕೂಗಲು ಶುರು ಮಾಡುತ್ತದೆ, ಏಕೆಂದರೆ ಉಪ್ಪುನೀರೇ ಒಂದು ವಾಹಕ. ಸೂಕ್ಷ್ಮತೆಯನ್ನು ಇಳಿಸಿ ಹೇಗೋ ಸಂಭಾಳಿಸಬಹುದು, ಆದರೆ ಆಳವೂ ಇಳಿಯುತ್ತದೆ. ಮಲ್ಟಿ-ಫ್ರೀಕ್ವೆನ್ಸಿ ಯಂತ್ರ ಒಂದಕ್ಕಿಂತ ಹೆಚ್ಚು ಆವರ್ತನಗಳ ಉತ್ತರವನ್ನು ಹೋಲಿಸಿ ಉಪ್ಪಿನ ಸದ್ದನ್ನು ಕಳೆದುಬಿಡುತ್ತದೆ. ಕಡಲತೀರಕ್ಕೆ ತಿಂಗಳಿಗೆ ಎರಡು ಬಾರಿಯಾದರೂ ಹೋಗುವ ಮನಸ್ಸಿದ್ದರೆ ಇದರಲ್ಲಿ ಜಿಪುಣತನ ಬೇಡ. ಉತ್ತರ ದ್ವೀಪದ ಪಶ್ಚಿಮ ಕರಾವಳಿಯ, ಆಕ್ಲೆಂಡ್ ಕಡೆಯಿಂದ ತರನಾಕಿ ದಾಟಿದವರೆಗಿನ ಕಪ್ಪು ಮರಳಿನಲ್ಲಂತೂ ಕಬ್ಬಿಣವೂ ಇದೆ, ಉಪ್ಪೂ ಇದೆ. ಆಕ್ಲೆಂಡಿನ ಓದುಗರು ಪೀಹಾ, ಮುರಿವಾಯ್‌ಗೆ ಹೋಗುವುದಾದರೆ ಕೊಳ್ಳುವ ಮೊದಲು ಅದೇ ಮರಳಿನ ಮೇಲೆ ಬೀಸಿ ನೋಡಿ.

ಪಲ್ಸ್ ಇಂಡಕ್ಷನ್ ಯಂತ್ರ ಉಪ್ಪು, ಕಬ್ಬಿಣ ಎರಡಕ್ಕೂ ಹೆದರುವುದಿಲ್ಲ. ಅದು ಒಂದು ಮಿಡಿತ ಕಳಿಸಿ, ಸುಮ್ಮನಾಗಿ, ಉಳಿದ ಪ್ರತಿಧ್ವನಿಯನ್ನು ಕೇಳುತ್ತದೆ. ಆದರೆ ಇದು ಚಿನ್ನವೋ ಮೊಳೆಯೋ ಎಂದು ಹೇಳುವುದರಲ್ಲಿ ಬಲು ದುರ್ಬಲ. ಸದ್ದಾದಲ್ಲೆಲ್ಲ ಅಗೆಯುತ್ತಾ ಹೋಗಬೇಕು. ಮರಳಿನಲ್ಲಿ ಅದು ಸರಿ, ಪಾರ್ಕಿನ ಹುಲ್ಲಿನಲ್ಲಿ ಮಹಾಪರಾಧ.

ಕಾಯಿಲ್ ಗಾತ್ರವೂ ಜಾಗದ ಮೇಲೆಯೇ ನಿಂತಿದೆ. ಯಂತ್ರದ ಜೊತೆ ಬರುವ ಹತ್ತು-ಹನ್ನೊಂದು ಇಂಚಿನದು ಮನೆಮಗಳಿದ್ದಂತೆ, ಎಲ್ಲಕ್ಕೂ ಒದಗುತ್ತದೆ. ಬಯಲು ದೊಡ್ಡದಿದ್ದರೆ ಹದಿನೈದು ಇಂಚು. ಕಸ ಹೆಚ್ಚಿರುವಲ್ಲಿ ಆರು ಇಂಚಿನದು ಚಿನ್ನದಂಥದ್ದು: ಆಳ ಕಡಿಮೆ, ಆದರೆ ಅಕ್ಕಪಕ್ಕದ ಎರಡು ವಸ್ತುಗಳನ್ನು ಬೇರೆ ಬೇರೆಯಾಗಿ ಕೇಳಿಸುತ್ತದೆ. ಎರಡನೇ ಯಂತ್ರ ಕೊಳ್ಳುವ ಮೊದಲು ಎರಡನೇ ಕಾಯಿಲ್ ಕೊಳ್ಳಿ ಎನ್ನುವುದು ನನ್ನ ಸಲಹೆ.

ಮೂರನೇ ಪ್ರಶ್ನೆ: ಯಾರ ಕೈಗೆ?

ಇದನ್ನು ಯಾರೂ ಕೇಳುವುದಿಲ್ಲ, ಆದರೆ ಬಹಳ ಯಂತ್ರಗಳು ಗ್ಯಾರೇಜಿನ ಮೂಲೆ ಸೇರುವುದು ಇದೇ ಕಾರಣಕ್ಕೆ. ಈಕ್ವಿನಾಕ್ಸ್ 800 ತೂಗುವುದು 1.34 ಕಿಲೋ. ಕೇಳಲು ಏನೂ ಅಲ್ಲ. ತೋಳು ಚಾಚಿ ಎರಡು ಗಂಟೆ ಬೀಸಿ ನೋಡಿ, ಮಾರನೆಯ ದಿನ ದೋಸೆ ಹುಯ್ಯಲೂ ಕೈ ಏಳುವುದಿಲ್ಲ! ಫ್ರಾನ್ಸಿನ ಎಕ್ಸ್‌ಪಿ ಡ್ಯೂಸ್‌ನಂಥವು ಒಂದು ಕಿಲೋಗಿಂತಲೂ ಹಗುರ, ಆದರೆ ಬೆಲೆ ಹಗುರವಲ್ಲ. ಊರಿಂದ ಆರು ತಿಂಗಳಿಗೆ ಬಂದು ಹೊತ್ತು ಹೋಗದೆ ಕೂರುವ ಅಪ್ಪನಿಗೋ ಮಾವನಿಗೋ ಕೊಡುವುದಾದರೆ ತೂಕವೇ ಮೊದಲ ಅಂಶ, ಮಿಕ್ಕಿದ್ದೆಲ್ಲ ಆಮೇಲೆ. ಬಗ್ಗಿ ಏಳುವ ಕಷ್ಟಕ್ಕೆ ಉದ್ದ ಹಿಡಿಯ ಸಲಿಕೆಯೂ ಜೊತೆಗಿರಲಿ.

ಮಕ್ಕಳಿಗೆ ಕೋಲು ಗಿಡ್ಡವಾಗಬೇಕು, ಗುಂಡಿಗಳು ಎರಡೋ ಮೂರೋ ಇರಬೇಕು. ಬೌಂಟಿ ಹಂಟರ್ ಜೂನಿಯರ್‌ನಂಥ ಪುಟ್ಟ ಆದರೆ ನಿಜವಾದ ಡಿಟೆಕ್ಟರ್ ಆಟಿಕೆ ಅಂಗಡಿಯ ಪ್ಲಾಸ್ಟಿಕ್ಕಿಗಿಂತ ಎಷ್ಟೋ ವಾಸಿ. ಹತ್ತು ನಿಮಿಷದಲ್ಲಿ ಏನೂ ಸಿಗದಿದ್ದರೆ ಮಕ್ಕಳ ಉತ್ಸಾಹ ಇಳಿಯುತ್ತದೆ, ಹಾಗಾಗಿ ಮೊದಲ ದಿನ ಹಿತ್ತಿಲಿನಲ್ಲಿ ನೀವೇ ಕೆಲವು ನಾಣ್ಯ ಹೂತಿಡಿ. ನನ್ನ ಮಗಳು ಈಗ ಸದ್ದು ಕೇಳಿಯೇ "ಅಪ್ಪಾ, ಇದು ಎರಡು ಡಾಲರ್" ಎನ್ನುತ್ತಾಳೆ. ಪರದೆ ನೋಡುವುದಿಲ್ಲ.

ನಿಮ್ಮ ಸ್ವಭಾವವೂ ಲೆಕ್ಕಕ್ಕೆ ಬರುತ್ತದೆ. ನನ್ನ ಸಹೋದ್ಯೋಗಿಯೊಬ್ಬರಿಗೆ ನೂರು ಸೆಟ್ಟಿಂಗ್ ಇರುವ ಯಂತ್ರವೇ ಆಗಬೇಕು, ತಿರುಗಿಸುವುದರಲ್ಲೇ ಅವರಿಗೆ ಸುಖ. ಇನ್ನು ಕೆಲವರಿಗೆ ಗುಂಡಿ ಒತ್ತಿದರೆ ನಡೆಯಬೇಕು. ಎರಡೂ ಸರಿ. ಸದ್ದಿನ ಭಾಷೆ ಕಲಿಯಲು ಯಾವ ಯಂತ್ರಕ್ಕಾದರೂ ಹತ್ತಾರು ಗಂಟೆ ಬೇಕು. ಚೆನ್ನಾಗಿ ಕಲಿತ ಸಾಧಾರಣ ಯಂತ್ರ, ಕಲಿಯದ ದುಬಾರಿ ಯಂತ್ರವನ್ನು ಸೋಲಿಸುತ್ತದೆ.

ಒಂದು ತಾಳಿ ಬೊಟ್ಟಿನ ಪ್ರಸಂಗ

ಈ ಮೂರೂ ಪ್ರಶ್ನೆ ಒಟ್ಟಿಗೆ ಎದುರಾದ ಒಂದು ಸಂಜೆಯನ್ನು ಹೇಳಿದರೆ ಎಲ್ಲ ಸ್ಪಷ್ಟವಾದೀತು. ಟೋಟಾರಾ ಪಾರ್ಕ್ ಬಡಾವಣೆಯ ಸ್ನೇಹಿತರ ಹಿತ್ತಿಲಲ್ಲಿ ಮಗುವಿನ ಹುಟ್ಟುಹಬ್ಬ. ಮಗುವನ್ನು ಎತ್ತಿಕೊಂಡಾಗ ಅದು ಜಗ್ಗಿ, ಮನೆಯೊಡತಿಯ ಕರಿಮಣಿ ಸರ ಹರಿಯಿತು. ಮಣಿಗಳು ಚೆಲ್ಲಿದವು. ಅತ್ತೆಮನೆಯ ಬೊಟ್ಟು ಕಾಲಬುಡದಲ್ಲೇ ಸಿಕ್ಕಿತು. ತವರಿನ ಬೊಟ್ಟು ಸಿಗಲಿಲ್ಲ. ಅವರ ತಾಯಿ ತೀರಿಕೊಂಡು ವರ್ಷವಾಗಿತ್ತಷ್ಟೇ. ತಮ್ಮ ಹಳೇ ಓಲೆ ಕರಗಿಸಿ ಮಾಡಿಸಿಕೊಟ್ಟ ಬೊಟ್ಟದು. "ಬಿಡಿ, ಇನ್ನೊಂದು ಮಾಡಿಸಿದರಾಯಿತು" ಎಂದು ಅವರೇ ಎಲ್ಲರಿಗೂ ಸಮಾಧಾನ ಹೇಳುತ್ತಿದ್ದರು. ಅದನ್ನು ನೋಡುವುದೇ ಕಷ್ಟವಾಗುತ್ತಿತ್ತು.

ನಾನು ಮೊದಲು ಹೇಳಿದ್ದು: "ಅಕ್ಕ, ಯಾರೂ ಹುಲ್ಲು ಕೆದಕಬೇಡಿ, ಓಡಾಡಬೇಡಿ." ಹತ್ತು ಜನ ಹುಡುಕಿದರೆ ಮೇಲಿರುವುದು ತುಳಿತಕ್ಕೆ ಸಿಕ್ಕಿ ಒಳಗೆ ಹೋಗುತ್ತದೆ. ಅವರು ನಿಂತಿದ್ದ ಜಾಗಕ್ಕೆ ಒಂದು ಸೌಟು ನೆಟ್ಟೆವು, ಸುತ್ತ ನಾಲ್ಕು ಮೀಟರ್ ಚೌಕಕ್ಕೆ ದಾರ ಕಟ್ಟಿದೆವು. ಆ ಮನೆ ಎಪ್ಪತ್ತರ ದಶಕದ್ದು, ಕ್ಯಾನಿನ ರಿಂಗನ್ನು ಕಿತ್ತು ಬಿಸಾಡುತ್ತಿದ್ದ ಕಾಲ. ದೊಡ್ಡ ಕಾಯಿಲ್ ಹಾಕಿದರೆ ನೆಲವೆಲ್ಲ ಒಂದೇ ಗದ್ದಲ. ಆರು ಇಂಚಿನ ಕಾಯಿಲ್ ಹಾಕಿ, ಏನನ್ನೂ ಸೋಸದೆ ಎಲ್ಲ ಲೋಹವನ್ನೂ ಕೇಳಿಸುವಂತೆ ಮಾಡಿಟ್ಟು, ರಂಗೋಲಿಯ ಎಳೆಯಂತೆ ಸಾಲು ಸಾಲಾಗಿ ಬೀಸಿದೆ. ಕ್ಷೀಣ ಸದ್ದುಗಳನ್ನೂ ಬಿಡಲಿಲ್ಲ. ಹೊಸದಾಗಿ ಬಿದ್ದ ವಸ್ತು ಮೇಲ್ಪದರದಲ್ಲೇ ಇರುತ್ತದೆ, ಹಾಗಾಗಿ ಆಳದ ಸದ್ದುಗಳನ್ನು ಮಾತ್ರ ದಾಟಿದೆ.

ಆ ಸಂಜೆ ಕತ್ತಲಾಯಿತು. ಮರುದಿನ ಮುಂದುವರಿಸಿದಾಗ, ನಲವತ್ತಕ್ಕೂ ಹೆಚ್ಚು ರಿಂಗು, ಮೊಳೆ, ಬಾಟಲಿ ಮುಚ್ಚಳ ಆದ ಮೇಲೆ, ಹುಲ್ಲಿನ ಬೇರಿನ ನಡುವೆ ಅಂಚಿನ ಮೇಲೆ ನಿಂತ ಬೊಟ್ಟು ಸಿಕ್ಕಿತು. ಪರದೆಯ ಮೇಲಿದ್ದ ಸಂಖ್ಯೆ, ಹಿಂದೆ ತೆಗೆದ ಕ್ಯಾನಿನ ರಿಂಗಿನ ಸಂಖ್ಯೆಯಿಂದ ಒಂದೇ ಒಂದು ಅಂಕಿ ಬೇರೆ. ಅಲ್ಯೂಮಿನಿಯಂ ಸೋಸಿಬಿಡು ಎಂದು ಯಂತ್ರಕ್ಕೆ ಹೇಳಿದ್ದರೆ ಅದು ಮಾತಾಡದೆ ದಾಟಿ ಹೋಗುತ್ತಿತ್ತು. ಅಕ್ಕ ಅದನ್ನು ನೀರಲ್ಲಿ ತೊಳೆದು ದೇವರ ಮುಂದಿಟ್ಟರು, ಒಂದು ಮಾತೂ ಆಡಲಿಲ್ಲ. ಆ ದಿನ ಬಳಸಿದ್ದು ನನ್ನಲ್ಲಿದ್ದ ಮಧ್ಯಮ ಬೆಲೆಯ ಯಂತ್ರವೇ. ಇನ್ನೂ ಆಳಕ್ಕೆ ನೋಡುವ ದುಬಾರಿ ಯಂತ್ರದಿಂದ ಅಲ್ಲಿ ಹೆಚ್ಚೇನೂ ಆಗುತ್ತಿರಲಿಲ್ಲ.

ಸಿಕ್ಕಿದ್ದೆಲ್ಲ ನಮ್ಮದಲ್ಲ

ಯಂತ್ರಕ್ಕಿಂತ ಮೊದಲು ತಿಳಿಯಬೇಕಾದ್ದು ಕಾನೂನು. ನಿಮ್ಮ ಹಿತ್ತಿಲು ನಿಮ್ಮದು. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ. ಊರಿನ ಪಾರ್ಕುಗಳಿಗೆ ಅಪ್ಪರ್ ಹಟ್ ಸಿಟಿ ಕೌನ್ಸಿಲ್, ನದಿ ದಂಡೆ ಮತ್ತು ಕೈಟೋಕೆಯಂಥ ಪ್ರಾದೇಶಿಕ ಪಾರ್ಕುಗಳಿಗೆ ಗ್ರೇಟರ್ ವೆಲ್ಲಿಂಗ್ಟನ್ ಪ್ರಾದೇಶಿಕ ಕೌನ್ಸಿಲ್, ಸಂರಕ್ಷಿತ ಅರಣ್ಯಕ್ಕೆ ಸಂರಕ್ಷಣಾ ಇಲಾಖೆ. ಅಗೆಯುವ ಮೊದಲು ಫೋನ್ ಮಾಡಿ ಕೇಳಿ. ಟ್ರೆಂಥಮ್ ಸೈನ್ಯ ಶಿಬಿರದಲ್ಲಿ ಮೊದಲ ಮಹಾಯುದ್ಧಕ್ಕೆ ಹೊರಟ ಸೈನಿಕರು ತರಬೇತಿ ಪಡೆದರು, ಅಲ್ಲಿ ಹಳೇ ಬಿಲ್ಲೆ, ಗುಂಡಿ ಇರಬಹುದು ಎಂದು ಆಸೆಪಡಬೇಡಿ, ಅದು ಈಗಲೂ ಸೇನೆಯ ಜಾಗ.

2014ರ ಹೆರಿಟೇಜ್ ನ್ಯೂಜಿಲೆಂಡ್ ಪೌಹೆರೆ ಟಾವೋಂಗಾ ಕಾಯಿದೆ ಪ್ರಕಾರ 1900ಕ್ಕೆ ಮುಂಚಿನ ಮಾನವ ಚಟುವಟಿಕೆಯ ಕುರುಹಿರುವ ಜಾಗ ಪುರಾತತ್ವ ಸ್ಥಳ. ಅನುಮತಿಯಿಲ್ಲದೆ ಅದನ್ನು ಕೆದಕುವುದು ಅಪರಾಧ. ನಾವು ಸೈಕಲ್ ಹೊಡೆಯುವ ರೆಮುಟಾಕಾದ ಹಳೇ ರೈಲುದಾರಿ 1878ರದ್ದು. ವಾಲೇಸ್‌ವಿಲ್‌ನ ಬ್ಲಾಕ್‌ಹೌಸ್ 1860ರ ಸುಮಾರಿನದು. ಇಂಥಲ್ಲಿ ನೋಡಿ ಕಣ್ತುಂಬಿಕೊಳ್ಳಿ, ಸಲಿಕೆ ಕಾರಿನಲ್ಲೇ ಇರಲಿ. ಅಗೆಯುವಾಗ ಅಕಸ್ಮಾತ್ ಮಾವೊರಿಗಳ ಹಳೆಯ ಕಲ್ಲಿನ ಅಥವಾ ಮೂಳೆಯ ವಸ್ತು ಸಿಕ್ಕರೆ 1975ರ ಪ್ರೊಟೆಕ್ಟೆಡ್ ಆಬ್ಜೆಕ್ಟ್ಸ್ ಕಾಯಿದೆಯಂತೆ 28 ದಿನಗಳೊಳಗೆ ಸಂಸ್ಕೃತಿ ಸಚಿವಾಲಯಕ್ಕೋ ಹತ್ತಿರದ ಮ್ಯೂಸಿಯಮ್ಮಿಗೋ ತಿಳಿಸಬೇಕು. ಬೆಲೆಬಾಳುವ ಒಡವೆ ಸಿಕ್ಕರೆ ಪೊಲೀಸರಿಗೆ ಒಪ್ಪಿಸಿ. ಕಳೆದುಕೊಂಡವರು ಯಾರೋ ಇದ್ದೇ ಇರುತ್ತಾರೆ.

"ಊರಿಗೆ ತಗೊಂಡು ಹೋಗಿ ಹಂಪಿ ಕಡೆ ಒಂದು ಕೈ ನೋಡೋಣ್ವಾ?" ಎಂದು ನಗುತ್ತಾ ಕೇಳಿದವರಿದ್ದಾರೆ. ನಗುವ ಮಾತಲ್ಲ ಇದು. ನಿಧಿಯ ಆಸೆಗೆ ನಮ್ಮ ನಾಡಿನಲ್ಲಿ ಎಷ್ಟು ಗುಡಿಗಳ ಗರ್ಭಗುಡಿ ಅಗೆದಿದ್ದಾರೆ, ಎಷ್ಟು ವೀರಗಲ್ಲು ಉರುಳಿಸಿದ್ದಾರೆ! 2019ರ ಜುಲೈನಲ್ಲಿ ಆನೆಗುಂದಿಯ ನವಬೃಂದಾವನದಲ್ಲಿ ವ್ಯಾಸರಾಯರ ಬೃಂದಾವನವನ್ನೇ ನಿಧಿಗಳ್ಳರು ಒಡೆದು ಹಾಕಿದರು. ಭಾರತದಲ್ಲಿ 1878ರ ನಿಧಿ ಕಾಯಿದೆ ಇಂದಿಗೂ ಇದೆ: ನೆಲದೊಳಗೆ ಹತ್ತು ರೂಪಾಯಿಗಿಂತ ಹೆಚ್ಚಿನ ಬೆಲೆಯದ್ದು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಮಣ್ಣಿನ ಪದರದಿಂದ ಕಿತ್ತ ನಾಣ್ಯ ಬರೀ ಲೋಹ. ಅದೇ ಪದರದಲ್ಲಿ ಇದ್ದರೆ ಮಾತ್ರ ಅದು ಇತಿಹಾಸ. ಸಾಲದ್ದಕ್ಕೆ ನಮ್ಮ ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನ ತುಂಬ ಕಬ್ಬಿಣ, ಇಲ್ಲಿ ಚೆನ್ನಾಗಿ ನಡೆಯುವ ಸಾಧಾರಣ ಯಂತ್ರ ಅಲ್ಲಿ ಗೊಣಗುತ್ತಲೇ ಇರುತ್ತದೆ.

ಅಂಗಡಿಗೆ ಹೋಗುವಾಗ

* ಜೇಬಿನಲ್ಲಿ ಐದು ವಸ್ತು ಇರಲಿ: ನಿಮ್ಮ ಉಂಗುರ, ಎರಡು ಡಾಲರ್, ಹತ್ತು ಸೆಂಟ್, ಕ್ಯಾನಿನ ರಿಂಗು, ಒಂದು ಮೊಳೆ. ಒಂದೊಂದನ್ನೂ ಕಾಯಿಲ್ ಮುಂದೆ ಆಡಿಸಿ ಸದ್ದು ಕೇಳಿ. ಆಮೇಲೆ ಮೊಳೆ, ಉಂಗುರ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಆಡಿಸಿ. ಉಂಗುರ ಕೇಳಿಸುವ ಯಂತ್ರವೇ ಜಾಣ ಯಂತ್ರ.

* ಹತ್ತು ನಿಮಿಷ ಕೈಯಲ್ಲಿ ಹಿಡಿದು ಬೀಸಿ. ಮೊಣಕೈ ಏನೆನ್ನುತ್ತದೆ ಕೇಳಿ.

* ಬಜೆಟ್ಟಿನಲ್ಲಿ ಒಂದು ಪಾಲನ್ನು ಪಿನ್‌ಪಾಯಿಂಟರ್‌ಗೆ ಎತ್ತಿಡಿ. ಟಾರ್ಚಿನಷ್ಟುದ್ದದ ಈ ಪುಟ್ಟ ಶೋಧಕ ಗುಂಡಿಯೊಳಗೆ ವಸ್ತು ಎಲ್ಲಿದೆ ಎಂದು ತೋರಿಸುತ್ತದೆ, ಅಗೆಯುವುದು ಅರ್ಧಕ್ಕರ್ಧ ಉಳಿಯುತ್ತದೆ. ಹೆಡ್‌ಫೋನ್, ಕೈಸಲಿಕೆ, ಕಡಲತೀರಕ್ಕೆ ಜಾಲರಿ ಸೌಟಿನಂಥ ಮರಳು ಸಲಿಕೆ ಇವೂ ಬೇಕು.

* ಟ್ರೇಡ್ ಮೀಯಲ್ಲಿ ಹಳೆಯದು ಕೊಳ್ಳಬಹುದು. ಕಾಯಿಲ್ ಕೂಡುವ ಕಿವಿಯಲ್ಲಿ ಬಿರುಕು, ಬ್ಯಾಟರಿ ಗೂಡಿನಲ್ಲಿ ತುಕ್ಕು ನೋಡಿ. ಪ್ರಸಿದ್ಧ ಕಂಪನಿಗಳ ನಕಲಿಗಳೂ ಓಡಾಡುತ್ತವೆ, ಸೀರಿಯಲ್ ನಂಬರ್ ಕೇಳಿ. ಅಮೆರಿಕದ ವೈಟ್ಸ್ ಕಂಪನಿ 2020ರಲ್ಲಿ ಮುಚ್ಚಿತು, ಅದರ ಬಿಡಿಭಾಗ ಸಿಗುವುದು ಕಷ್ಟ.

* ಇಲ್ಲಿಯ ವ್ಯಾಪಾರಿಯಿಂದ ಹೊಸದು ಕೊಂಡರೆ 1993ರ ಗ್ರಾಹಕ ಖಾತರಿ ಕಾಯಿದೆಯ ರಕ್ಷಣೆಯಿದೆ. ಖಾಸಗಿ ವ್ಯಕ್ತಿಯಿಂದ ಕೊಂಡರೆ ಇಲ್ಲ.

* ಹುಲ್ಲನ್ನು ಮೂರು ಬದಿ ಕತ್ತರಿಸಿ, ಪುಸ್ತಕದ ಪುಟದಂತೆ ಮಗುಚಿ, ವಸ್ತು ತೆಗೆದು, ಮತ್ತೆ ಮುಚ್ಚಿ ಒತ್ತಿ. ಸಿಕ್ಕ ಕಸವನ್ನು ಜೇಬಿಗೆ ಹಾಕಿಕೊಂಡು ಬನ್ನಿ. ನಮ್ಮನ್ನು ನೋಡಿಯೇ ನಾಳೆ ಬೇರೆಯವರಿಗೆ ಅನುಮತಿ ಕೊಡುವುದೋ ಬೇಡವೋ ಎಂದು ತೀರ್ಮಾನವಾಗುತ್ತದೆ.

ಒಟ್ಟಿನಲ್ಲಿ ನನ್ನ ಲೆಕ್ಕ ಹೀಗೆ. ಹಿತ್ತಿಲು, ಪಾರ್ಕಿಗೆ ಒಂದೇ ಆವರ್ತನದ ಹಗುರ ಯಂತ್ರ ಮತ್ತು ಒಂದು ಚಿಕ್ಕ ಕಾಯಿಲ್. ಕಡಲು ಮತ್ತು ಪಾರ್ಕು ಎರಡೂ ಬೇಕಾದರೆ ನೀರು ತಡೆಯುವ ಮಲ್ಟಿ-ಫ್ರೀಕ್ವೆನ್ಸಿ. ಮಕ್ಕಳಿಗೂ ಹಿರಿಯರಿಗೂ ತೂಕ ನೋಡಿ. ಚಿನ್ನದ ಗಟ್ಟಿಯ ಕನಸಿಗೆ ಮೊದಲು ಬಾಡಿಗೆ ಯಂತ್ರ. ವರ್ಷಕ್ಕೊಮ್ಮೆ ಕಳೆದ ವಸ್ತು ಹುಡುಕಲು ಮಾತ್ರ ಬೇಕಾದರೆ ಕೊಳ್ಳಲೇಬೇಡಿ, ಇಟ್ಟುಕೊಂಡಿರುವವರನ್ನು ಕರೆಯಿರಿ. ನಮ್ಮ ಕೂಟದವರ ಮನೆಯಲ್ಲಿ ಏನಾದರೂ ಕಳೆದರೆ ಕೂಟದ ಮೂಲಕ ನನಗೆ ಹೇಳಿಕಳಿಸಿ, ಜಾಗಕ್ಕೊಂದು ಗುರುತು ಹಾಕಿ, ಯಾರನ್ನೂ ಓಡಾಡಲು ಬಿಡಬೇಡಿ. ಯಂತ್ರ ತರುತ್ತೇನೆ. ಫಿಲ್ಟರ್ ಕಾಫಿ ನಿಮ್ಮದು!